ಅಕ್ಕಿ ಚೀಲದ ಹಾಗೆ ಎತ್ತಬೇಡಿ: ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ

ನಮಸ್ಕಾರ.

ನಾನು ಧಾರವಾಡದವನು. 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್ ಆಗಿದ್ದು ನಿವೃತ್ತನಾದೆ. ಸೀಟಿ ಊದುವುದು ಬಿಟ್ಟರೂ ದನಿ ಇಳಿದಿಲ್ಲ ಅಂತ ಮನೆಯಲ್ಲಿ ಬೈಯುತ್ತಾರೆ. ಅದಕ್ಕೇ ಈ ಸಲ ಕೂಗಾಡದೆ ಬರೆಯುತ್ತಿದ್ದೇನೆ.

ಹೊಸ ಉದ್ಯಾನ ಕೇಳಲು ಈ ಪತ್ರ ಬರೆದಿಲ್ಲ. ಸದ್ಯಕ್ಕೆ ಹೊಸ ರ‍್ಯಾಂಪ್ ಕೂಡ ಬೇಡ. ನಮ್ಮ ಅವಳಿ ನಗರದ ಉದ್ಯಾನ, ಕೆರೆ ದಂಡೆ, ಮೈದಾನ, ಈಜುಕೊಳ, ಗ್ರಂಥಾಲಯ, ರಂಗಮಂದಿರಗಳಲ್ಲಿ ಕೆಲಸ ಮಾಡುವ ಜನಕ್ಕೆ ಸರಿಯಾಗಿ ಎರಡು ದಿನ ಪಾಠ ಮಾಡಿಸಿ. ವಿಕಲಚೇತನರು ಆಡಲು, ಕುಣಿಯಲು, ಸುಮ್ನೆ ಗಾಳಿ ತಿನ್ನಲು ಬಂದಾಗ ಏನು ಮಾಡಬೇಕು ಅಂತ ಅವರಿಗೆ ಇವತ್ತಿನವರೆಗೆ ಯಾರೂ ಹೇಳಿಕೊಟ್ಟಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಮೊಮ್ಮಗಳಿಗೆ 11 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಓಡಾಟವೆಲ್ಲ ವೀಲ್‌ಚೇರಿನಲ್ಲಿ. ಮಾತು ನಿಧಾನ, ಆದರೆ ಚುರುಕು. ದೀಪಾವಳಿ ರಜೆಯಲ್ಲಿ ಅವಳನ್ನು ಇಲ್ಲಿನದೇ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಒಬ್ಬ ಬಡಪಾಯಿಯ ಕೆಲಸ ಹೋಗುತ್ತದೆ, ಗೇಟು ಮಾತ್ರ ಹಾಗೇ ಇರುತ್ತದೆ.

ಬೈಕು, ದನ ಒಳಗೆ ನುಗ್ಗಬಾರದು ಅಂತ ಬಾಗಿಲಲ್ಲಿ ಕಬ್ಬಿಣದ ಪೈಪುಗಳನ್ನು ಅಂಕುಡೊಂಕಾಗಿ ನಿಲ್ಲಿಸಿದ್ದರು. ದನ ಒಳಗೇ ಮೇಯುತ್ತಿತ್ತು, ಆ ಮಾತು ಬೇರೆ. ವೀಲ್‌ಚೇರ್ ಮಾತ್ರ ಹೊರಗೆ ಉಳಿಯಿತು.

"ಬಾಜೂಕ ಇನ್ನೊಂದು ಗೇಟ್ ಐತ್ರಿ ಸರ, ರ‍್ಯಾಂಪೂ ಐತಿ," ಅಂದ ಕಾವಲುಗಾರ. "ಆದ್ರ ಕೀಲಿ ಸೂಪರ್‌ವೈಜರ್ ಕಡೆ ಐತಿ. ಅವರು ಇವತ್ತ ಬಂದಿಲ್ರಿ."

ಹೋಗಿ ನೋಡಿದೆ. ರ‍್ಯಾಂಪ್ ನಿಜಕ್ಕೂ ಇತ್ತು. ಚೆನ್ನಾಗಿಯೂ ಇತ್ತು. ಅದರ ಮೇಲೆ ಹೂಕುಂಡಗಳನ್ನು ಸಾಲಾಗಿ ಜೋಡಿಸಿದ್ದರು. ಇಳಿಜಾರಿನಲ್ಲಿ ಇಟ್ಟರೆ ನೀರು ಬಸಿದು ಹೋಗುತ್ತದಲ್ಲ!

ವಾಪಸ್ ಬಂದೆ. ಕಾವಲುಗಾರನಿಗೂ ಕಸಿವಿಸಿ ಆಗಿತ್ತು. "ಚಿಂತಿ ಮಾಡಬ್ಯಾಡ್ರಿ, ನಾ ಎತ್ತಿ ಒಳಗ ಇಡ್ತೀನಿ ತಗೋರಿ," ಅಂದವನೇ ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿದ. ಹುಡುಗಿ ಬೆಚ್ಚಿ ನನ್ನ ಅಂಗಿ ಹಿಡಿದುಕೊಂಡಳು.

"ನಾ ಏನ್ ಅಕ್ಕಿ ಚೀಲ ಏನ್ ಅಜ್ಜಾ?"

ಒಳಗೆ ಹೋಗಲಿಲ್ಲ. ಹೊರಗಿನ ಗಾಡಿಯಲ್ಲಿ ಗಿರ್ಮಿಟ್ ತಿನ್ನಲು ನಿಂತೆವು. ಗಾಡಿಯವನು ನನ್ನನ್ನು ಕೇಳಲಿಲ್ಲ. ಬಗ್ಗಿ ಅವಳನ್ನೇ ಕೇಳಿದ. "ಖಾರ ಎಷ್ಟ್ ಹಾಕ್ಲೆವಾ? ಪೊಟ್ಟಣ ಕಟ್ಲೋ, ಪ್ಲೇಟಿನ್ಯಾಗ ಕೊಡ್ಲೋ?" ಎರಡೂ ಬೇಡ, ವಾಟಗಾದಲ್ಲಿ ಕೊಡಿ ಅಂದಳು ಅವಳು. ಅಂಚು ಎತ್ತರ ಇದ್ದರೆ ಕೈ ನಡುಗಿದರೂ ಚೆಲ್ಲುವುದಿಲ್ಲ. ಅವನು ತನ್ನ ಚಹಾದ ಸ್ಟೀಲ್ ವಾಟಗಾ ತೊಳೆದು ಅದರಲ್ಲೇ ಹಾಕಿಕೊಟ್ಟ.

ಸರ್, ನಾನು ಕೇಳುತ್ತಿರುವ ತರಬೇತಿಯ ಮುಕ್ಕಾಲು ಪಾಲು ಆ ಗಾಡಿಯಲ್ಲೇ ಇತ್ತು. ಗಾಡಿಯವನು ಕೇಳಿದ, ಕಾವಲುಗಾರ ಕೇಳಲಿಲ್ಲ. ಕಾವಲುಗಾರನೇನು ಕೆಟ್ಟವನಲ್ಲ, ಅವನ ಮನಸ್ಸು ಒಳ್ಳೆಯದೇ. ಅವನಿಗೆ ರೂಢಿ ಇರಲಿಲ್ಲ, ಅಷ್ಟೇ.

ಅವನನ್ನು ಬೈಯುವ ಹಕ್ಕು ನನಗಿಲ್ಲ. ಯಾಕೆ ಅಂದರೆ ನಾನೂ ಅವನೇ.

90ರ ದಶಕದಲ್ಲಿ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಪೋಲಿಯೋದಿಂದ ಒಂದು ಕಾಲು ಸಣಕಲಾಗಿತ್ತು. ಪಿ.ಟಿ. ಪಿರಿಯಡ್ಡಿನಲ್ಲಿ ಅವನನ್ನು ಬೇವಿನ ಮರದ ಕೆಳಗೆ ಕೂರಿಸಿ ಸ್ಕೋರ್ ಬರೆಯಲು ಹಚ್ಚುತ್ತಿದ್ದೆ. ಉಳಿದವರ ಚಪ್ಪಲಿ, ವಾಚು ಕಾಯುವ ಕೆಲಸವೂ ಅವನದೇ. ಅವನಿಗೆ ದೊಡ್ಡ ಜವಾಬ್ದಾರಿ ಕೊಟ್ಟಿದ್ದೇನೆ ಅಂತ ನಾನು ತಿಳಿದಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಶಾಲೆ ಬಿಟ್ಟ ಮೇಲೆ ಹಿಂದಿನ ಬಯಲಲ್ಲಿ ಅದೇ ಹುಡುಗರು ಅವನ ಕೈಗೆ ಬ್ಯಾಟ್ ಕೊಡುತ್ತಿದ್ದರು. ಅವನು ಹೊಡೆಯುವುದು, ಅವನ ಪರವಾಗಿ ಇನ್ನೊಬ್ಬ ಓಡುವುದು. ಸಂಬಳ ತೆಗೆದುಕೊಳ್ಳುವ ಮಾಸ್ತರನಿಗೆ ಹೊಳೆಯದೇ ಇದ್ದದ್ದು ಗಲ್ಲಿ ಹುಡುಗರಿಗೆ ಹೊಳೆದಿತ್ತು. ನಾನು ಅದನ್ನು ಕಿಟಕಿಯಿಂದ ನೋಡಿಯೂ ಇದ್ದೆ!

ಎರಡು ವರ್ಷದ ಹಿಂದೆ ಅವನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಸಿಕ್ಕ. ನಿಲ್ದಾಣದ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಮಟ್ಟಕ್ಕೆ ಇರುವುದರಿಂದ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತೇನೆ ಅಂತ ಖುಷಿಯಿಂದ ಹೇಳಿದ. ಆಮೇಲೆ ನಗುತ್ತಲೇ ಇನ್ನೊಂದು ಮಾತು ಹೇಳಿದ. "ಸರ, ಖೊ-ಖೊ ರೂಲ್ಸ್ ಎಲ್ಲಾ ಇನ್ನೂ ಬಾಯಿಪಾಠ ಅದಾವ್ರಿ. ಒಂದ್ ಸಲಾನೂ ಆಡಿಲ್ಲ, ಅಷ್ಟ." ನವನಗರ ಬರುವವರೆಗೆ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ನಮಗೆ ತರಬೇತಿಯಲ್ಲಿ ಏನು ಕಲಿಸಿದ್ದರು? ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಖೊ-ಖೊದಲ್ಲಿ ಎಂಟು ಜನ ಕೂರಬೇಕು, ಒಬ್ಬ ಅಟ್ಟಿಸಬೇಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಆಟಕ್ಕೆ ತಕ್ಕ ಮಗುವನ್ನು ಹುಡುಕುವ ಬದಲು ಮಗುವಿಗೆ ತಕ್ಕ ಹಾಗೆ ಆಟವನ್ನು ಬಗ್ಗಿಸಬಹುದು ಅಂತ ಯಾರೂ ಹೇಳಲಿಲ್ಲ. ಕೂತವನಿಗೆ 'ಖೋ' ಬಿದ್ದಾಗ ಜೊತೆಗಾರ ಎದ್ದು ಓಡಿದರೆ ಆಯಿತಲ್ಲ? ಏನು ಆಕಾಶ ಕಳಚಿ ಬೀಳುತ್ತಿತ್ತು? ಅಂಧರ ಕ್ರಿಕೆಟ್ಟಿನಲ್ಲಿ ಚೆಂಡಿನೊಳಗೆ ಸಣ್ಣ ಗುಂಡುಗಳನ್ನು ಹಾಕಿರುತ್ತಾರೆ. ಉರುಳುವಾಗ ಸದ್ದು ಬರುತ್ತದೆ, ಆಟಗಾರರು ಕಿವಿಯಿಂದ ಆಡುತ್ತಾರೆ. 2012ರಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಗೆದ್ದದ್ದೂ ಭಾರತವೇ. ಆಟ ಬಗ್ಗುತ್ತದೆ ಸರ್. ಬಗ್ಗಿಸುವವರು ಬೇಕು.

ಇದು ನನ್ನೊಬ್ಬನ ಹಂಬಲ ಅಂದುಕೊಳ್ಳಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಂ ಮನರಂಜನೆ, ಸಂಸ್ಕೃತಿಯ ಬಗ್ಗೆ ಇದೆ. ನೃತ್ಯ, ಕಲಾ ತರಗತಿ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳ ಹೆಸರನ್ನೂ ಅದರಲ್ಲಿ ಬರೆದಿದ್ದಾರೆ. 30ನೇ ಕಲಂ ಕ್ರೀಡೆಗೆ. ನಾನು ಎರಡೆರಡು ಸಲ ಓದಿದ್ದು 47ನೇ ಕಲಂ. ಆಡಳಿತಗಾರರು, ಶಿಕ್ಷಕರು, ಎಂಜಿನಿಯರುಗಳು, ವಾಸ್ತುಶಿಲ್ಪಿಗಳ ಕಲಿಕೆಯಲ್ಲಿ ಈ ವಿಷಯ ಇರಬೇಕು ಅನ್ನುತ್ತದೆ ಅದು. ಕ್ರೀಡಾ ಶಿಕ್ಷಕರಿಗೆ ತರಬೇತಿ ಕೊಡಬೇಕು ಅಂತ ಬೇರೆಯಾಗಿಯೇ ಹೇಳುತ್ತದೆ. ಇನ್ನು ಕಟ್ಟಡ, ರಸ್ತೆಗಳನ್ನು ಎಲ್ಲರೂ ಬಳಸುವ ಹಾಗೆ ಮಾಡುವುದು ನಿಮ್ಮ ಇಷ್ಟಕ್ಕೆ ಬಿಟ್ಟ ಸಲಹೆಯಲ್ಲ, ಕಡ್ಡಾಯ ನಿಯಮ ಇರಬೇಕು ಅಂತ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಅಳತೆಯ ವಿಷಯ ನಿಮ್ಮ ಎಂಜಿನಿಯರುಗಳಿಗೆ ಗೊತ್ತೇ ಇದೆ. ಒಂದಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು. ಅದಕ್ಕಿಂತ ಕಡಿದಾದರೆ ಅದು ಜಾರುಬಂಡಿ. ಆದರೆ ರ‍್ಯಾಂಪ್ ಕಟ್ಟಿದವನು ಬಿಲ್ ತೆಗೆದುಕೊಂಡು ಹೋಗುತ್ತಾನೆ. ಆಮೇಲೆ ಅದರ ಮೇಲೆ ಕುಂಡ ಇಡುವ ಮಾಲಿಗೆ ಅದು ಯಾಕೆ ಕಟ್ಟಿದ್ದು ಅಂತ ಗೊತ್ತಿಲ್ಲ. ಬೀಗ ಹಾಕುವವನಿಗೂ ಗೊತ್ತಿಲ್ಲ.

ಹಾಗಾದರೆ ಆ ಎರಡು ದಿನ ಏನು ಕಲಿಸಬೇಕು? ನನಗೆ ತೋಚಿದ್ದು ಹೇಳುತ್ತೇನೆ. ನನಗಿಂತ ಜಾಸ್ತಿ ತಿಳಿದವರು ಬೇರೆ ಇದ್ದಾರೆ.

ಜೊತೆಗೆ ಬಂದವರ ಹತ್ತಿರ ಅಲ್ಲ, ಆ ವ್ಯಕ್ತಿಯ ಹತ್ತಿರವೇ ಮಾತಾಡಬೇಕು. ಕೇಳದೆ ಗಾಲಿಕುರ್ಚಿ ಮುಟ್ಟಬಾರದು, ಅದು ಅವರ ಮೈಯ ಭಾಗ ಇದ್ದ ಹಾಗೆ. ಕಣ್ಣು ಕಾಣದವರ ಕೈ ಹಿಡಿದು ಎಳೆಯಬಾರದು, ನಮ್ಮ ಮೊಳಕೈ ಕೊಟ್ಟರೆ ಅವರೇ ಹಿಡಿದು ಬರುತ್ತಾರೆ. ಕಿವಿ ಕೇಳದವರ ಎದುರಿಗೆ ಬೆಳಕಿನಲ್ಲಿ ನಿಂತು ಮಾತಾಡಬೇಕು, ಕೂಗಿ ಲಾಭವಿಲ್ಲ. ಆಟಿಸಂ ಇರುವ ಮಗುವಿಗೆ ಸಂಗೀತ ಕಾರಂಜಿಯ ಸ್ಪೀಕರ್ ಸಿಡಿಲಿನ ಹಾಗೆ ಕೇಳಬಹುದು. ಶುರು ಮಾಡುವ ಮುಂಚೆ ಒಂದು ಮಾತು ಹೇಳಿದರೆ ತಂದೆತಾಯಿ ದೂರ ಕರೆದುಕೊಂಡು ಹೋಗುತ್ತಾರೆ. ಮಗು ಗಾಬರಿಯಾಗಿ ಹೊರಗೆ ಓಡಿದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಬಿಡಬೇಕು. ಕೌಂಟರಿನಲ್ಲಿ ಎಲ್ಲರ ಎದುರು "ಸರ್ಟಿಫಿಕೇಟ್ ಐತೇನ್ರಿ?" ಅಂತ ಕಿರುಚಬಾರದು. ಈಜು ಕಲಿಸುವವರು ಮಗುವನ್ನು ನೋಡಿದ ಕೂಡಲೇ "ಡಾಕ್ಟರ್ ಪತ್ರ ತನ್ನಿ" ಅನ್ನುವ ಬದಲು "ನೀರಿನಲ್ಲಿ ನಿನಗೆ ಏನು ಮಾಡಲು ಬರುತ್ತದೆ?" ಅಂತ ಕೇಳಬೇಕು. ಬೆಂಗಳೂರಿನ ಶರತ್ ಗಾಯಕವಾಡ್ ಅವರ ಎಡಗೈ ಪೂರ್ತಿ ಬೆಳೆದಿಲ್ಲ. 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಅವರು ಈಜಿ 6 ಪದಕ ತಂದರು. ಎಲ್ಲ ಮಕ್ಕಳೂ ಪದಕ ತರಬೇಕಿಲ್ಲ, ಬಿಡಿ. ನನ್ನ ಮೊಮ್ಮಗಳಿಗೆ ನೀರಿನಲ್ಲಿ ಸುಮ್ನೆ ತೇಲಬೇಕು, ಅಷ್ಟೇ. ನೀರಿನಲ್ಲಿ ಅವಳ ಕಾಲು ಅವಳ ಮಾತು ಸ್ವಲ್ಪ ಕೇಳುತ್ತದೆ.

ಕಲಿಸುವವರು ಯಾರು ಅನ್ನುವುದು ಇದಕ್ಕಿಂತ ಮುಖ್ಯ. ದಯವಿಟ್ಟು ಎಲ್ಲಿಂದಲೋ ಕೋಟು ಹಾಕಿದವರನ್ನು ಕರೆಸಿ ಪರದೆ ಮೇಲೆ ಚಿತ್ರ ತೋರಿಸಬೇಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ನಿಮಿಷ ತಡವರಿಸಿ, 'ಅಯ್ಯೋ ಪಾಪ' ಅಂದು ಊಟ ಮಾಡಿ ಮನೆಗೆ ಹೋಗುವ ತರಬೇತಿಯೂ ಬೇಡ. ಅದರಿಂದ ಬರುವುದು ಕನಿಕರ. ಕನಿಕರ ಈಗಾಗಲೇ ಬೇಕಾದಷ್ಟಿದೆ, ಆ ಕಾವಲುಗಾರನಲ್ಲೂ ಇತ್ತು. ವಿಕಲಚೇತನರೇ ಮಾಸ್ತರಾಗಲಿ, ಅವರಿಗೆ ಸರಿಯಾದ ಸಂಭಾವನೆ ಕೊಡಿ. ಹಳ್ಳಿಗಳಲ್ಲಿ, ಪಟ್ಟಣಗಳಲ್ಲಿ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ವಿಕಲಚೇತನರೇ. ಇಡೀ ಊರಿನ ಮೆಟ್ಟಿಲುಗಳ ಲೆಕ್ಕ ಅವರ ತಲೆಯಲ್ಲಿದೆ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ವಿಭಾಗ ಇದೆ. ಅಲ್ಲಿನ ವಿದ್ಯಾರ್ಥಿಗಳನ್ನೂ ಜೊತೆಗೆ ಕೂರಿಸಿ. ನಾಳೆಯ ಪಿ.ಟಿ. ಮಾಸ್ತರರು ಅವರೇ ಅಲ್ವಾ?

ಪಾಠ ಉದ್ಯಾನದಲ್ಲೇ ನಡೆಯಲಿ, ಸಭಾಂಗಣದಲ್ಲಿ ಬೇಡ. ಉಣಕಲ್ ಕೆರೆ, ತೋಳನಕೆರೆ, ಗಾಜಿನ ಮನೆ, ಇಲ್ಲಿ ಧಾರವಾಡದಲ್ಲಿ ಸಾಧನಕೇರಿ. ಗಾಲಿಕುರ್ಚಿಯವರು, ಕೋಲಿನವರು ಮುಂದೆ ಹೋಗಲಿ, ಸಿಬ್ಬಂದಿ ಹಿಂದೆ ನಡೆಯಲಿ. ಎಲ್ಲಿ ನಿಲ್ಲುತ್ತಾರೋ ಅಲ್ಲೇ ಪಾಠ.

ನಿಮ್ಮ ಕಚೇರಿಯೊಳಗಿನ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಗೇಟಿನಲ್ಲಿ ನಿಲ್ಲುವವರು, ಟಿಕೆಟ್ ಹರಿಯುವವರು ಹೆಚ್ಚಾಗಿ ಹೊರಗುತ್ತಿಗೆಯವರು. ಟೆಂಡರ್ ಬದಲಾದರೆ ಮುಖವೂ ಬದಲಾಗುತ್ತದೆ. ಇವತ್ತು ಕಲಿಸಿದ್ದು ಮುಂದಿನ ವರ್ಷ ಅವರ ಜೊತೆಗೇ ಹೋಗುತ್ತದೆ. ಆದ್ದರಿಂದ ತರಬೇತಿ ಪಡೆದವರನ್ನೇ ಕೆಲಸಕ್ಕೆ ಹಾಕಬೇಕು ಅಂತ ಟೆಂಡರಿನ ಷರತ್ತಿನಲ್ಲೇ ಬರೆಯಿರಿ. ಕೀಲಿ ಗೇಟಿನ ಹತ್ತಿರವೇ ಇರಬೇಕು ಅಂತಲೂ ಬರೆಯಿರಿ. ನಗಬೇಡಿ, ಬರೆಯದಿದ್ದರೆ ಇರುವುದಿಲ್ಲ.

ದುಡ್ಡಿನ ಮಾತು. ಸ್ಥಳೀಯ ಸಂಸ್ಥೆಗಳು ಶೇ. 5ರಷ್ಟು ಹಣವನ್ನು ವಿಕಲಚೇತನರ ಕಲ್ಯಾಣಕ್ಕೆ ಎತ್ತಿಡಬೇಕು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ತರಬೇತಿಯ ಖರ್ಚನ್ನು ದಯವಿಟ್ಟು ಆ ಐದರಿಂದ ತೆಗೆಯಬೇಡಿ. ಅದು ಅವರ ದುಡ್ಡು. ಪಾಠ ಬೇಕಾಗಿರುವುದು ನಮಗೆ, ಫೀಸು ನಾವು ಕಟ್ಟೋಣ.

"ಎಷ್ಟು ಜನ ಬರ್ತಾರ್ರೀ ಅಂಥವರು?" ಅಂತ ಯಾರಾದರೂ ನಿಮ್ಮ ಸಭೆಯಲ್ಲಿ ಕೇಳಿಯೇ ಕೇಳುತ್ತಾರೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಜಾಸ್ತಿ. ಅವರು ಉದ್ಯಾನದಲ್ಲಿ ಕಾಣುವುದಿಲ್ಲ ಅಂದರೆ ಗೇಟಿಗೆ ಬೀಗ ಇದೆ ಅಂತ ಅರ್ಥ. ವಿಕಲಚೇತನರ ದಿನ ಅಂತ ಆಚರಿಸುವ ಡಿಸೆಂಬರ್ 3ಕ್ಕೆ ಮಾತ್ರ ಕಾಣುತ್ತಾರೆ. ಅವತ್ತು ಮ್ಯೂಸಿಕಲ್ ಚೇರ್, ಒಂದು ಶಾಲು, ಉಪ್ಪಿಟ್ಟು. ಮರುದಿನ ಮೈದಾನ ಮತ್ತೆ ನಮ್ಮದು.

ನಮ್ಮ ಪಕ್ಕದ ಗದಗವನ್ನು ನೋಡಿ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅದೆಷ್ಟು ಅಂಧ ಮಕ್ಕಳಿಗೆ ಹಾರ್ಮೋನಿಯಂ, ತಬಲಾ, ಹಾಡು ಕಲಿಸಿದರು! ಅವರಿಬ್ಬರಿಗೂ ಕಣ್ಣಿರಲಿಲ್ಲ. ನಾಟಕ ಕಂಪನಿಯನ್ನೂ ನಡೆಸಿದರು. ಈ ಸೀಮೆಯಲ್ಲಿ ಕಣ್ಣಿಲ್ಲದವರು ವೇದಿಕೆ ಮೇಲೆ ಹಾಡಿದರೆ ನಾವು ಅಡ್ಡಬಿದ್ದು ಕೇಳುತ್ತೇವೆ. ಅದೇ ಒಬ್ಬ ಕಣ್ಣಿಲ್ಲದವನು ಟಿಕೆಟ್ ಕೊಂಡು ನಾಟಕ ನೋಡಲು ಬಂದರೆ "ಇವ ಏನ್ ನೋಡ್ತಾನ?" ಅಂತ ಹಿಂದಿನ ಸಾಲಿಗೆ ಕಳಿಸುತ್ತೇವೆ. ಗೌರವ ಎಲ್ಲ ವೇದಿಕೆಗೆ, ಖುರ್ಚಿಗೆ ಏನೂ ಇಲ್ಲ. ಪುಟ್ಟಜ್ಜನವರು ಮಕ್ಕಳಿಗೆ ಕಲಿಸಿ ಹೋದರು. ನಮ್ಮ ರಂಗಮಂದಿರಗಳ ಬಾಗಿಲು ಕಾಯುವವರಿಗೆ ಕಲಿಸುವ ಕೆಲಸ ಇನ್ನೂ ಬಾಕಿ ಇದೆ.

ಕೊನೆಗೆ ಒಂದು ವಿನಂತಿ. ಯಾವುದಾದರೂ ಭಾನುವಾರ ಬೆಳಿಗ್ಗೆ ನಮ್ಮ ಜೊತೆ ಒಂದು ಉದ್ಯಾನಕ್ಕೆ ಬನ್ನಿ. ಯಾವುದು ಅಂತ ನೀವೇ ಆರಿಸಿ. ಮೊಮ್ಮಗಳ ಕುರ್ಚಿಯ ಅಗಲ 61 ಸೆಂಟಿಮೀಟರ್, ಟೇಪ್ ನಾನು ತರುತ್ತೇನೆ. ಅವಳು ನಿಮ್ಮನ್ನು ಒಂದಷ್ಟು ಪ್ರಶ್ನೆ ಕೇಳುತ್ತಾಳೆ, ಪಟ್ಟಿ ಆಗಲೇ ತಯಾರಿದೆ. ನಿಧಾನವಾಗಿ ಕೇಳುತ್ತಾಳೆ, ನಡುವೆ ಬಾಯಿ ಹಾಕಬೇಡಿ. ಗಿರ್ಮಿಟ್ ನನ್ನ ಲೆಕ್ಕ.

ಕೀಲಿ ಮಾತ್ರ ಮರೆಯದೆ ತರಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಿ.ಟಿ. ಮಾಸ್ತರ, ಧಾರವಾಡ