ನಾಲ್ಕು ಬ್ಲೇಡಿನ ಚಿತ್ರ ಮತ್ತು ಬಟ್ಟೆ ಮೈಯ ಹರಿಕೇನ್

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ‘ಬ್ರಿಟನ್ ಕದನ’ದ (1940ರಲ್ಲಿ ಜರ್ಮನ್ ವಾಯುಪಡೆಯನ್ನು ಬ್ರಿಟಿಷ್ ಫೈಟರ್ ವಿಮಾನಗಳು ಎದುರಿಸಿದ ಆಕಾಶ ಯುದ್ಧ) ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈ ರಿಪೇರಿ ಮಾಡುವವನು, ಆಗಿದ್ದವನು. ವಿಮಾನದ ಚಿತ್ರ ಕಂಡರೆ ಮೊದಲು ಪ್ರೊಪೆಲರ್‌ನ ಬ್ಲೇಡ್ ಎಣಿಸುವ ಚಾಳಿ ನಿವೃತ್ತಿಯ ನಂತರವೂ ಹೋಗಿಲ್ಲ. ನಿಮ್ಮ ಚಿತ್ರದಲ್ಲಿ ನಾಲ್ಕಿದ್ದವು, ಕೆಳಗೆ ‘1940ರ ಸ್ಪಿಟ್‌ಫೈರ್’ ಎಂದಿತ್ತು. ಆ ಬೇಸಿಗೆಯಲ್ಲಿ ಕಾದಾಡಿದ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಫೈಟರ್‌ಗಳಿಗೆ ಇದ್ದದ್ದು ಮೂರೇ ಬ್ಲೇಡು. ನೀವು ಹಾಕಿದ್ದು 1942ರ ನಂತರದ ಯಾವುದೋ ಮಾದರಿ.

ಇದು ಸಣ್ಣ ವಿಷಯ, ಬಿಡಿ. ನಮ್ಮ ಗಂಡಭೇರುಂಡ ಇಂಗ್ಲೆಂಡಿನ ಆಕಾಶಕ್ಕೆ ಹೋದ ಕಥೆಯನ್ನು ಲೇಖಕರು ಪ್ರೀತಿಯಿಂದ ಬರೆದಿದ್ದಾರೆ. ಮೈಸೂರು ಸಂಸ್ಥಾನ ಕೊಟ್ಟ ಹಣದ ಗೌರವಾರ್ಥ ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್‌ಗೆ (ವಿಮಾನ ದಳಕ್ಕೆ) ‘ಮೈಸೂರು’ ಎಂದು ಹೆಸರಿಟ್ಟದ್ದೂ ನಿಜ, ಅದರ ಲಾಂಛನದಲ್ಲಿ ಗಂಡಭೇರುಂಡ ಇದ್ದದ್ದೂ ನಿಜ. ಆದರೆ ಆ ಸ್ಕ್ವಾಡ್ರನ್ ಬ್ರಿಟನ್ ಕದನದಲ್ಲಿ ಹೋರಾಡಿತು ಎಂದು ಬರೆದಿರುವುದು ತಪ್ಪು. ಬ್ರಿಟಿಷರ ಲೆಕ್ಕದಲ್ಲಿ ಆ ಕದನ 1940ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ. 129ನೇ ಸ್ಕ್ವಾಡ್ರನ್ ಸ್ಪಿಟ್‌ಫೈರ್‌ಗಳೊಂದಿಗೆ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಲೆಕನ್‌ಫೀಲ್ಡ್‌ನಲ್ಲಿ ಶುರುವಾದದ್ದು 1941ರ ಜೂನ್‌ನಲ್ಲಿ. 1942ರ ಆಗಸ್ಟ್‌ನಲ್ಲಿ ಫ್ರಾನ್ಸ್ ಕರಾವಳಿಯ ಡಿಯೆಪ್ ಮೇಲಿನ ದಾಳಿಯಲ್ಲಿ ಅದು ಹಾರಿತ್ತು. ಅಷ್ಟು ಹೇಳಿದರೂ ನಮಗೆ ಸಾಕಷ್ಟು ಹೆಮ್ಮೆಯಾಗುತ್ತದೆ, ವರ್ಷ ತಿದ್ದಿ ಹಿಂದಕ್ಕೆ ಎಳೆಯಬೇಕಿಲ್ಲ.

ನಾನು ಪೆನ್ನು ಹಿಡಿದದ್ದು ಇನ್ನೊಂದು ಮಾತಿಗೆ. ಇಡೀ ಒಂದು ಪುಟದ ಬರಹದಲ್ಲಿ ಹರಿಕೇನ್ ಎಂಬ ಇನ್ನೊಂದು ಬ್ರಿಟಿಷ್ ಫೈಟರ್‌ನ ಹೆಸರು ಬಂದದ್ದು ಒಂದೇ ಸಲ, ಅದೂ ‘ಮುಂತಾದ ಹಳೆಯ ವಿಮಾನಗಳು’ ಎಂಬ ಸಾಲಿನಲ್ಲಿ! ಹಳೆಯದು ಅಂದರೆ ಎಷ್ಟು ಹಳೆಯದು? ಸಿಡ್ನಿ ಕ್ಯಾಮ್ ರೂಪಿಸಿದ ಹರಿಕೇನ್ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ಮಿಚೆಲ್ ರೂಪಿಸಿದ ಸ್ಪಿಟ್‌ಫೈರ್ 1936ರ ಮಾರ್ಚ್ 5ರಂದು. ನಾಲ್ಕೇ ತಿಂಗಳ ಅಂತರ. ಎರಡಕ್ಕೂ ಎಂಜಿನ್ ಅದೇ ರೋಲ್ಸ್ ರಾಯ್ಸ್ ಮರ್ಲಿನ್, ಎರಡರ ರೆಕ್ಕೆಯಲ್ಲೂ ಎಂಟೆಂಟು ಬ್ರೌನಿಂಗ್ ಮೆಷಿನ್‌ಗನ್. 1940ರ ಆ ತಿಂಗಳುಗಳಲ್ಲಿ ಹರಿಕೇನ್ ಸ್ಕ್ವಾಡ್ರನ್‌ಗಳೇ ಹೆಚ್ಚಿದ್ದವು. ಬ್ರಿಟಿಷ್ ಫೈಟರ್‌ಗಳು ಕೆಡವಿದ ಜರ್ಮನ್ ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳ ಪಾಲು.

ಸ್ಪಿಟ್‌ಫೈರ್ ಚೆಂದ, ಒಪ್ಪಿದೆ. ಆ ರೆಕ್ಕೆಯ ಬಾಗು ನೋಡಿದರೆ ನನಗೂ ಕಣ್ಣು ಕೀಳಲಾಗುವುದಿಲ್ಲ. ವೇಗವೂ ಹೆಚ್ಚು. ಆದರೆ ನಾನು ಪೈಲಟ್ ಅಲ್ಲ, ವಿಮಾನ ಇಳಿದ ಮೇಲೆ ಅದರ ಹೊಟ್ಟೆಯಡಿ ಮಲಗಿ ಮೇಲೆ ನೋಡಿದವನು. ಅಲ್ಲಿಂದ ಕಾಣುವ ಲೆಕ್ಕವೇ ಬೇರೆ.

ಸ್ಪಿಟ್‌ಫೈರ್‌ನ ಮೈ ಅಲ್ಯೂಮಿನಿಯಂ ತಗಡು. ಅದು ಬರೀ ಹೊದಿಕೆಯಲ್ಲ, ವಿಮಾನದ ಭಾರವನ್ನು ತಗಡೂ ಹೊರುತ್ತದೆ. ಅಂಥ ತಗಡಿನಲ್ಲಿ ನಿಂಬೆಹಣ್ಣಿನಷ್ಟು ತೂತಾದರೂ ಸುಮ್ಮನೆ ಮೇಲೊಂದು ತುಂಡು ಅಂಟಿಸಿ ಕಳಿಸುವಂತಿಲ್ಲ. ಸುತ್ತಲಿನ ರಿವೆಟ್ ಕೊರೆದು ತೆಗೆಯಬೇಕು, ಒಳಗಿನ ಪಟ್ಟಿ ಬಿರುಕು ಬಿಟ್ಟಿದೆಯೇ ನೋಡಬೇಕು, ಹೊಸ ತಗಡು ಕತ್ತರಿಸಿ ಕೂರಿಸಬೇಕು, ಮತ್ತೆ ರಿವೆಟ್ ಹೊಡೆಯಬೇಕು. ಒಬ್ಬ ಹೊರಗಿನಿಂದ ಹೊಡೆಯುತ್ತಿದ್ದರೆ ಇನ್ನೊಬ್ಬ ಕೈ ತೂರದ ಜಾಗದಲ್ಲಿ ಕೈ ತೂರಿಸಿ ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಆ ಇನ್ನೊಬ್ಬ ಬಹಳ ಸಲ ನಾನೇ ಆಗಿದ್ದೆ. ಸಣ್ಣ ಕೈ ಎಂಬ ಕಾರಣಕ್ಕೆ.

ಹರಿಕೇನ್‌ನ ಹಿಂಭಾಗ ಹಾಗಲ್ಲ. ಒಳಗೆ ಲೋಹದ ಕೊಳವೆಗಳ ಹಂದರ, ಅದರ ಮೇಲೆ ಮರದ ಪಟ್ಟಿಗಳು, ಮೇಲೆ ಲಿನನ್ ಬಟ್ಟೆ. ಬಟ್ಟೆಗೆ ಡೋಪ್ ಎಂಬ ದ್ರವ ಬಳಿದರೆ ಒಣಗುತ್ತಾ ಬಿಗಿದುಕೊಳ್ಳುತ್ತದೆ, ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತದೆ. ಫಿರಂಗಿ ಗುಂಡು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬಿದ್ದರೂ ಕೊಳವೆಗೆ ತಗಲಿಲ್ಲವೆಂದರೆ ಎರಡು ತೇಪೆ, ಡೋಪ್, ಒಣಗುವಷ್ಟು ಹೊತ್ತು. ನಿವೃತ್ತಿಯ ನಂತರ ಫ್ಲೈಯಿಂಗ್ ಕ್ಲಬ್ಬೊಂದರ ಬಟ್ಟೆ ಮೈಯ ತರಬೇತಿ ವಿಮಾನಗಳಿಗೆ ನಾನೇ ಹೊಲಿಗೆ ಹಾಕಿ ಡೋಪ್ ಬಳಿದಿದ್ದೇನೆ. ಬೆಳಿಗ್ಗೆ ಹರಿದದ್ದು ಸಂಜೆಗೆ ಹಾರುತ್ತಿತ್ತು. ಡೋಪ್‌ನ ವಾಸನೆ ಮಾತ್ರ ಮನೆಯವರೆಗೂ ಬರುತ್ತಿತ್ತು. ಅದನ್ನು ಕುರಿತು ನನ್ನ ಹೆಂಡತಿ ಪ್ರತ್ಯೇಕ ಪತ್ರ ಬರೆಯಬಲ್ಲಳು.

ಇನ್ನೂ ಇದೆ. ಹರಿಕೇನ್‌ನ ಒಂದೊಂದು ರೆಕ್ಕೆಯ ನಾಲ್ಕು ಗನ್ ಒಂದೇ ಕಡೆ ಗುಂಪಾಗಿದ್ದವು, ಗುಂಡಿನ ಪಟ್ಟಿ ತುಂಬುವವನಿಗೆ ಸಲೀಸು. ಸ್ಪಿಟ್‌ಫೈರ್‌ನ ಗನ್‌ಗಳು ತೆಳು ರೆಕ್ಕೆಯ ಉದ್ದಕ್ಕೂ ಚದುರಿದ್ದವು. ಹರಿಕೇನ್‌ನ ಚಕ್ರಗಳ ನಡುವೆ ಅಗಲ ಜಾಸ್ತಿ, ಹುಲ್ಲಿನ ಮೈದಾನದಲ್ಲಿ ಇಳಿಯುವಾಗ ಎಡವುವ ಭಯ ಕಡಿಮೆ. ದಿನಕ್ಕೆ ಮೂರು ನಾಲ್ಕು ಸಲ ಮೇಲೇಳಬೇಕಾದ ಕಾಲದಲ್ಲಿ ಇವೆಲ್ಲ ಸಣ್ಣ ವಿಷಯಗಳಲ್ಲ.

ಹಾಗೆಂದು ಹರಿಕೇನ್‌ನ ದೋಷ ಮುಚ್ಚಿಡುವುದಿಲ್ಲ. ಪೈಲಟ್‌ನ ಎದುರಿಗೇ ಒಂದು ಪೆಟ್ರೋಲ್ ಟ್ಯಾಂಕ್ ಇತ್ತು. ಅದಕ್ಕೆ ಬೆಂಕಿ ಹತ್ತಿದರೆ ಜ್ವಾಲೆ ನೇರ ಮುಖಕ್ಕೆ. 1940ರ ಆಗಸ್ಟ್ 16ರಂದು ಸೌತಾಂಪ್ಟನ್ ಬಳಿ ಜೇಮ್ಸ್ ನಿಕೋಲ್ಸನ್ ಉರಿಯುವ ಹರಿಕೇನ್‌ನಲ್ಲಿ ಕೂತೇ ಶತ್ರು ವಿಮಾನದ ಮೇಲೆ ಗುಂಡು ಹಾರಿಸಿ, ಆಮೇಲೆ ಪ್ಯಾರಾಚೂಟ್‌ನಲ್ಲಿ ಹೊರಗೆ ಜಿಗಿದರು. ಇಡೀ ಯುದ್ಧದಲ್ಲಿ ಬ್ರಿಟನ್ನಿನ ಫೈಟರ್ ವಿಮಾನಗಳ ವಿಭಾಗವಾದ ಫೈಟರ್ ಕಮಾಂಡ್‌ಗೆ ಸಿಕ್ಕ ಏಕೈಕ ವಿಕ್ಟೋರಿಯಾ ಕ್ರಾಸ್ (ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ) ಅವರದು. ಅವರು 1945ರ ಮೇ ತಿಂಗಳಲ್ಲಿ ತೀರಿಕೊಂಡದ್ದು ನಮ್ಮ ಬಂಗಾಳ ಕೊಲ್ಲಿಯ ಮೇಲೆ, ವಿಮಾನ ಅಪಘಾತದಲ್ಲಿ. ಈ ಮನುಷ್ಯನ ಹೆಸರೂ ನಿಮ್ಮ ಲೇಖನದಲ್ಲಿಲ್ಲ.

ನೆಲದ ಮೇಲಿದ್ದವರ ಹೆಸರಂತೂ ಕೇಳುವುದೇ ಬೇಡ. 1940ರ ಜೂನ್ ಕೊನೆಯವರೆಗೂ ಬಹಳಷ್ಟು ಫೈಟರ್‌ಗಳ ಪ್ರೊಪೆಲರ್ ಬ್ಲೇಡಿಗೆ ಎರಡೇ ಕೋನ: ಮೇಲೇರಲು ಒಂದು, ಸಾಗಲು ಇನ್ನೊಂದು. ಎರಡೇ ಗೇರ್ ಇರುವ ಲಾರಿಯಲ್ಲಿ ಘಾಟಿ ಹತ್ತಿದ ಹಾಗೆ. ಡಿ ಹ್ಯಾವಿಲೆಂಡ್ ಕಂಪನಿಯ ಕೆಲಸಗಾರರು ವಾಯುನೆಲೆಯಿಂದ ವಾಯುನೆಲೆಗೆ ಹೋಗಿ, ಹಗಲು ರಾತ್ರಿಯೆನ್ನದೆ, ಆಗಸ್ಟ್ ನಡುವಿನೊಳಗೆ ಸಾವಿರಕ್ಕೂ ಹೆಚ್ಚು ವಿಮಾನಗಳ ಪ್ರೊಪೆಲರ್‌ಗಳನ್ನು ಕೋನ ತಾನೇ ಹೊಂದಿಸಿಕೊಳ್ಳುವಂತೆ ಬದಲಿಸಿದರು. ಇವು ಬೇಗ ಮೇಲೇರತೊಡಗಿದ್ದು ಅದರಿಂದ. ಕದನ ಬಿಸಿಯೇರುವ ಹೊತ್ತಿಗೆ ಸರಿಯಾಗಿ!

ಪೈಲಟ್ ಮೂತಿ ತಟ್ಟನೆ ಕೆಳಗೆ ತಿರುಗಿಸಿದರೆ ಮರ್ಲಿನ್ ಎಂಜಿನ್ ಕಾರ್ಬ್ಯುರೇಟರ್‌ನ ದೆಸೆಯಿಂದ ಕೆಮ್ಮಿ ನಿಲ್ಲುತ್ತಿತ್ತು. ಜರ್ಮನ್ನರ ಮೆಸರ್ಶ್ಮಿಟ್ ಫೈಟರ್‌ಗೆ ಆ ಕಾಟವಿರಲಿಲ್ಲ. ಇದಕ್ಕೆ 1941ರಲ್ಲಿ ತಾತ್ಕಾಲಿಕ ಮದ್ದು ಕಂಡುಕೊಟ್ಟವರು ಫಾರ್ನ್‌ಬರೊದ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್. ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆ, ಅಷ್ಟೆ. ಮೋಟಾರ್ ಸೈಕಲ್ ರೇಸ್ ಓಡಿಸುತ್ತಿದ್ದ ಹೆಂಗಸು ಅವರು.

ಇನ್ನು ಪೆಟ್ಟು ತಿಂದು ಬಂದ ವಿಮಾನಗಳು. ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ಮಾರಿಸ್ ಕಾರು ಕಂಪನಿಯ ಜಾಗದಲ್ಲೇ ಒಂದು ದುರಸ್ತಿ ಘಟಕ ನಡೆಯುತ್ತಿತ್ತು. ಕದನದ ಕಾಲದಲ್ಲಿ ಸ್ಕ್ವಾಡ್ರನ್‌ಗಳಿಗೆ ಬದಲಿಯಾಗಿ ಹೋದ ಫೈಟರ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಹೊಸದಲ್ಲ, ರಿಪೇರಿಯಾದದ್ದು. ಈ ಒಂದು ಸಾಲನ್ನು ಲೇಖಕರು ಬರೆದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಆ ದೇಶದಲ್ಲಿ ಜನ ಸ್ಪಿಟ್‌ಫೈರ್ ಹೆಸರಲ್ಲಿ ಚಂದಾ ಎತ್ತಿದರು, ಒಂದು ವಿಮಾನಕ್ಕೆ 5,000 ಪೌಂಡ್ ಎಂದು ಲೆಕ್ಕ ಹಾಕಿದ್ದರು. ‘ಹರಿಕೇನ್ ನಿಧಿ’ ಎಂದಿದ್ದರೆ ಅಷ್ಟು ದುಡ್ಡು ಹುಟ್ಟುತ್ತಿತ್ತೋ ಇಲ್ಲವೋ. ಚೆಲುವಿಗೆ ಹೆಸರು, ದುಡಿದದ್ದಕ್ಕೆ ‘ಮುಂತಾದ’. ಆಗ ನಡೆದದ್ದು ಆಯಿತು. ಎಂಬತ್ತು ವರ್ಷ ದಾಟಿದ ಮೇಲೂ ನಾವು ಅದನ್ನೇ ಮಾಡಬೇಕೆ?

ಲೇಖನದ ಎರಡನೇ ಕಂತು ಬರಲಿದೆ ಎಂದು ಪ್ರಕಟಿಸಿದ್ದೀರಿ. ದಯವಿಟ್ಟು ಒಂದು ಹರಿಕೇನ್ ಚಿತ್ರ ಹಾಕಿ, ಹಾರುತ್ತಿರುವುದಲ್ಲ, ನಿಂತಿರುವುದು, ರೆಕ್ಕೆಯ ಮೇಲೆ ಇಬ್ಬರು ಮಂಡಿಯೂರಿ ಗುಂಡಿನ ಪಟ್ಟಿ ತುಂಬುತ್ತಿರುವುದು. ಬ್ಲೇಡ್ ನಾನು ಎಣಿಸಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ
(ನಿವೃತ್ತ ಏರ್‌ಫ್ರೇಮ್ ಫಿಟ್ಟರ್)