ಬೆಲ್ಲದ ವೆಬ್‌ಸೈಟೂ ಮೊದಲನೇ ಸ್ಥಾನದ ಗ್ಯಾರಂಟಿಯೂ

ಮಂಡ್ಯ

ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಆಲೆಮನೆ ಬೆಲ್ಲವನ್ನು ಮೈಸೂರಲ್ಲಿ ಮಾರಲು ನೀನೇ ಒಂದು ವೆಬ್‌ಸೈಟ್ ಮಾಡಿದ್ದೀಯ ಅಂತ ಅಕ್ಕ ಹೇಳಿದಳು, ಖುಷಿಯಾಯಿತು. ಆದರೆ ‘ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ’ ಅಂತ ಯಾರೋ 25 ಸಾವಿರ ಕೇಳಿದ್ದಾರಂತೆ. ಅದನ್ನು ಕೇಳಿ ಎದೆ ಧಸಕ್ಕೆಂದಿತು. ಫೋನಿನಲ್ಲಿ ಹೇಳಿದರೆ ನೀನು ‘ಆಯ್ತು ಮಾವ, ಆಯ್ತು ಮಾವ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ನಾನೂ ಒಬ್ಬರಿಗೆ 18 ಸಾವಿರ ಕೊಟ್ಟಿದ್ದೆ. ಹೇಳಿದ ಹಾಗೆ ಮೊದಲನೇ ಸ್ಥಾನ ಬಂತು. ಹೇಗೆ ಗೊತ್ತಾ? ನಮ್ಮ ಅಂಗಡಿಯ ಹೆಸರನ್ನೇ ಹುಡುಕಿದರೆ! ಆ ಹೆಸರು ಗೊತ್ತಿದ್ದವರು ನೇರ ಫೋನೇ ಮಾಡುತ್ತಾರಲ್ಲ. ‘ಅಚ್ಚು ಬೆಲ್ಲ’ ಅಂತ ಹುಡುಕಿದರೆ ನಮ್ಮ ಸುಳಿವೇ ಇಲ್ಲ. ಅವರು ತೋರಿಸಿದ್ದೂ ಮಂಡ್ಯದಲ್ಲಿ ಕೂತು, ನನ್ನ ಮೊಬೈಲಲ್ಲಿ. ಹುಡುಕುವವರು ಎಲ್ಲಿದ್ದಾರೆ ಅನ್ನುವುದನ್ನೂ ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹುಬ್ಬಳ್ಳಿಯವರಿಗೆ ಬೇರೆಯೇ ಕಂಡೀತು. ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್‌ನವರೇ ಬರೆದಿಟ್ಟಿದ್ದಾರೆ. ನಾನು ಅದನ್ನು ಓದಿದ್ದು ದುಡ್ಡು ಹೋದ ಮೇಲೆ.

ಆ ಪುಣ್ಯಾತ್ಮರು ಮಾಡಿದ ಕೆಲಸ ಕೇಳು. ಪುಟದ ಒಳಗೆ, ಓದುವವರ ಕಣ್ಣಿಗೆ ಕಾಣದ ಹಾಗೆ, ಹುಡುಕುಪದಗಳನ್ನು ಬರೆದಿಡುವ ಕೀವರ್ಡ್ ಮೆಟಾ ಟ್ಯಾಗ್ ಅಂತ ಒಂದಿರುತ್ತದೆ. ಅದರಲ್ಲಿ ‘ಬೆಲ್ಲ, ಮಂಡ್ಯ ಬೆಲ್ಲ, ಬೆಸ್ಟ್ ಬೆಲ್ಲ’ ಅಂತ ತುರುಕಿದ್ದರು. ಸ್ಥಾನ ಕೊಡುವಾಗ ಆ ಟ್ಯಾಗನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿತ್ತು. ಅದು ಸಾಲದು ಅಂತ ಪುಟದ ಕೊನೆಗೆ ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಅದೇ ಭಜನೆ. ಇದು ಗೂಗಲ್ ನಿಯಮಕ್ಕೇ ವಿರುದ್ಧ. ಜೊತೆಗೆ ‘ಐನೂರು ಲಿಂಕ್’ ಪ್ಯಾಕೇಜು. ಬೇರೆ ಸೈಟಿನವರು ನಮ್ಮ ಕಡೆ ಕೈ ತೋರಿಸಿದರೆ ಬೆಲೆ ಉಂಟು, ಗೂಗಲ್ ಶುರುವಾದದ್ದೇ ಆ ಲೆಕ್ಕದ ಮೇಲೆ. ಆದರೆ ಕೊಂಡ ಲಿಂಕ್‌ಗೆ ಮರ್ಯಾದೆ ಇಲ್ಲ. 2012ರಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ತಂದು ಅಂಥ ಸೈಟುಗಳನ್ನು ಕೆಳಗೆ ತಳ್ಳಿದರು. ನಮ್ಮ ಬೆಲ್ಲಕ್ಕೆ ಎಲ್ಲಿಂದ ಲಿಂಕ್ ಬಂದಿತ್ತು ಗೊತ್ತಾ? ಯಾವುದೋ ದೇಶದ ಜೂಜಿನ ಸೈಟಿಂದ! ನಿನ್ನ ಅತ್ತೆ ಇವತ್ತಿಗೂ ಆಡಿಕೊಂಡು ನಗುತ್ತಾಳೆ.

ಜಾಹೀರಾತಿಗೆ ದುಡ್ಡು ಕಟ್ಟಿದರೆ ಮಾಮೂಲಿ ಪಟ್ಟಿಯಲ್ಲೂ ಮೇಲೇರುತ್ತೇವೆ ಅನ್ನುವುದು ಸುಳ್ಳು. ಅದು ಬೇರೆ, ಇದು ಬೇರೆ. ಸಂಕ್ರಾಂತಿ ಮುಂದೆ ಹತ್ತು ದಿನ ಜಾಹೀರಾತು ಹಾಕು, ಬೇಡ ಅನ್ನುವುದಿಲ್ಲ.

ನಮ್ಮ ಸೈಟು ಯಾರಿಗೂ ಕಾಣದೆ ಇದ್ದದ್ದಕ್ಕೆ ನಿಜವಾದ ಕಾರಣ ಬೇರೆಯೇ ಇತ್ತು. ಬೆಲ್ಲದ ವಿವರ, ದರಪಟ್ಟಿ ಎಲ್ಲ ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿಸಿ, ಪಿಡಿಎಫ್ ಮಾಡಿ ಹಾಕಿದ್ದೆವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನು ಗೂಗಲ್ ‘ಬೆಲ್ಲ’ ಅಂತ ಓದುವುದಾದರೂ ಹೇಗೆ? ಮಿಕ್ಕದ್ದೆಲ್ಲ ಬ್ಯಾನರಿನ ಫೋಟೋ. ನಾನೇ ಕೂತು ಎರಡು ರಾತ್ರಿ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಅಕ್ಷರದಲ್ಲಿ, ಟೈಪ್ ಮಾಡಿದೆ. ನಿನ್ನ ಸೈಟಲ್ಲೂ ದರಪಟ್ಟಿ ಫೋಟೋನೇ ಇದೆ, ನೋಡಿದೆ. ತೆಗೆದು ಅಕ್ಷರದಲ್ಲಿ ಹಾಕು.

ಇನ್ನೊಂದು. ನೀನು ಸೈಟು ಕಟ್ಟಿದ್ದು ವರ್ಡ್‌ಪ್ರೆಸ್ ಅನ್ನುವ ಸಾಫ್ಟ್‌ವೇರಲ್ಲಿ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನುವ ಕಡೆ ‘ಸರ್ಚ್ ಇಂಜಿನ್‌ಗಳು ಈ ಕಡೆ ಬರುವುದು ಬೇಡ’ ಅನ್ನುವಂಥ ಒಂದು ಟಿಕ್ ಇರುತ್ತದೆ. ಸೈಟು ಕಟ್ಟುವಾಗ ಹಾಕಿ, ಆಮೇಲೆ ತೆಗೆಯಲು ಮರೆಯುತ್ತಾರೆ. ಬೇರೆಲ್ಲಕ್ಕಿಂತ ಮೊದಲು ಅದನ್ನು ನೋಡು. ಆಮೇಲೆ ಸೈಟನ್ನು ಸರ್ಚ್ ಕನ್ಸೋಲ್ ಅನ್ನುವ ಗೂಗಲ್‌ನದೇ ಸೇವೆಗೆ ಸೇರಿಸು, ಬಿಟ್ಟಿ ಸಿಗುತ್ತದೆ. ಜನ ಏನು ಹುಡುಕಿಕೊಂಡು ಬಂದರು ಅಂತ ಅಲ್ಲೇ ಕಾಣುತ್ತದೆ.

ನನ್ನ ಸೈಟಿನ ಬರಹವನ್ನೇ ನಿನ್ನ ಸೈಟಲ್ಲೂ ಹಾಕಿದರೆ ಗೂಗಲ್ ಶಿಕ್ಷೆ ಕೊಡುತ್ತದಾ ಅಂತ ನೀನು ಕೇಳಿದ್ದೆ. ಶಿಕ್ಷೆ ಏನಿಲ್ಲ. ಎರಡರಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ, ಅಷ್ಟೇ. ಮಾವನ ಜೊತೆ ಪೈಪೋಟಿ ಯಾಕೆ, ನಿನ್ನದೇ ಬರೆ. ಪುಟದಲ್ಲಿ ಎರಡು ಸಾವಿರ ಪದ ಇರಲೇಬೇಕು ಅಂತ 25 ಸಾವಿರ ಕೇಳಿದ ಆ ಹುಡುಗ ಹೇಳಿದನಂತೆ. ಅಂಥ ಲೆಕ್ಕ ಯಾವುದೂ ಇಲ್ಲ. ಫೋನಿನಲ್ಲಿ ಗಿರಾಕಿಗಳು ಕೇಳುತ್ತಾರಲ್ಲ, ಅದನ್ನೇ ಬರೆ. ‘ನಿಮ್ಮ ಬೆಲ್ಲ ಯಾಕೆ ಕಪ್ಪಗಿದೆ?’ ‘ಮಳೆಗಾಲದಲ್ಲಿ ಹೇಗೆ ಇಡೋದು?’ ‘ಹಾಲಿಗೆ ಹಾಕಿದರೆ ಒಡೆಯುತ್ತಾ?’ ನಾವು ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವುದಿಲ್ಲ, ಅದಕ್ಕೇ ಆ ಹೊಳಪಿನ ಬಣ್ಣ ಬರುವುದಿಲ್ಲ ಅಂತ ನಾನು ಹನ್ನೆರಡು ಸಾಲು ಬರೆದು ಹಾಕಿದ್ದೆ. ಇವತ್ತು ನನಗೆ ಜಾಸ್ತಿ ಫೋನ್ ಬರುವುದು ಆ ಪುಟ ಓದಿದವರಿಂದಲೇ. ಬೆಂಡೆ ಗಿಡದ ಲೋಳೆ ಹಾಕಿ ಕೊಪ್ಪರಿಗೆಯಲ್ಲಿ ಕೊಳೆ ತೆಗೆಯುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ಅದನ್ನು ನಾಲ್ಕು ಫೋಟೋ ಸಮೇತ ನಿನ್ನ ಮಾತಲ್ಲೇ ಹೇಳು. ನಾಳೆಯೇ ಫಲ ಕಾಣಬೇಕು ಅನ್ನಬೇಡ. ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಅಂತ ಗೂಗಲ್‌ನವರೇ ಹೇಳಿದ್ದುಂಟು. ಕಬ್ಬು ಬೆಳೆಯುವ ಮನೆಯವಳಿಗೆ ಅದೇನು ದೊಡ್ಡದಲ್ಲ.

25 ಸಾವಿರದ ಮಾತನ್ನು ಭಾನುವಾರದವರೆಗೆ ಎಳೆ. ಬೆಳಗ್ಗೆ ರೈಲಿಗೆ ನಾನೇ ಬರುತ್ತೇನೆ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟಿರು. ಅಚ್ಚು ಬೆಲ್ಲ ತರಲಾ, ಬಕೆಟ್ ಬೆಲ್ಲ ತರಲಾ ಅಂತ ಅಕ್ಕನನ್ನು ಕೇಳಿ ಹೇಳು.

ಇಂತಿ ನಿನ್ನ ಮಾವ