ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ನೀರಿನ ಗಡಸುತನ

ಸಂಪಾದಕರೇ, ನಮಸ್ಕಾರ.

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ನಾನು ಮೊದಲು ಹುಡುಕುವುದು ಕೆಆರ್‌ಎಸ್ ಮಟ್ಟ. 124.80 ಅಡಿ ತುಂಬಿದ ದಿನ ನಮ್ಮ ಮನೆಯಲ್ಲೊಂದು ಸಮಾಧಾನ. ಅಷ್ಟು ದೂರದ ಅಣೆಕಟ್ಟಿನ ಲೆಕ್ಕ ನನಗೆ ಬಾಯಿಪಾಠ. ಆದರೆ ಅಡುಗೆಮನೆ ನಲ್ಲಿಯಲ್ಲಿ ಬರುವ ನೀರು ಎಂಥದ್ದು ಅನ್ನುವುದು ಏಳು ವರ್ಷ ಗೊತ್ತೇ ಇರಲಿಲ್ಲ.

ನಾವಿರುವುದು ಬೇಗೂರು ಕಡೆ, 48 ಮನೆಗಳ ಅಪಾರ್ಟ್‌ಮೆಂಟಿನಲ್ಲಿ. ಮೊದಲು ಮಲ್ಲೇಶ್ವರದಲ್ಲಿದ್ದೆವು. ಅಲ್ಲಿ ಕಾವೇರಿ ನೀರು, ಇಲ್ಲಿ ಬೋರ್ ನೀರು. ಬಂದ ಮೊದಲ ವಾರವೇ ತೊಗರಿಬೇಳೆ ಕೈಕೊಟ್ಟಿತು. ಮೂರು ಕೂಗಿಗೆ ಬೆಣ್ಣೆಯಂತಾಗುತ್ತಿದ್ದ ಬೇಳೆ ಆರು ಕೂಗಿದರೂ ಹಾಗೇ ಗಟ್ಟಿ. ಅತ್ತೆ ಎರಡು ಕಾಳು ಬೆರಳಲ್ಲಿ ಹಿಸುಕಿ ನೋಡಿ, "ಬೇಳೆದಲ್ಲ ಕಣಮ್ಮ, ನೀರಿಂದು" ಅಂದರು. ನಾನು ನಂಬದೆ ಅಂಗಡಿಯವನ ಜೊತೆ ಜಗಳವಾಡಿ ಬಂದೆ. ಅತ್ತೆ ಹೇಳಿದ್ದೇ ಸರಿ. ಬೇಳೆಯ ಕಣಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಜೊತೆ ನೀರಿನ ಕ್ಯಾಲ್ಸಿಯಂ ಸೇರಿಕೊಂಡು ಅದನ್ನು ಇನ್ನೂ ಬಿಗಿ ಮಾಡುತ್ತದೆ. ಚಿಟಿಕೆ ಸೋಡಾ ಹಾಕಿದರೆ ಬೇಯುತ್ತದೆ ನಿಜ. ಆದರೆ ಬಿ1 ವಿಟಮಿನ್ ಹಾಳು, ಸಾರಿನ ರುಚಿಯೂ ಹಾಳು.

ಆಮೇಲೆ ಒಂದೊಂದೇ ಶುರುವಾಯಿತು. ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ. ಶವರಿನ ಅರ್ಧ ತೂತು ಬಂದ್. ಸೋಪು ಎಷ್ಟು ಉಜ್ಜಿದರೂ ನೊರೆ ಬರದೆ ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು. ಗೀಸರ್ ಕಾಯಿಲ್ ಎರಡನೇ ಸಲ ಹೋದಾಗ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ ಬಚ್ಚಲ ನೆಲಕ್ಕೆ ಎರಡು ಏಟು ಕುಟ್ಟಿದ. ಮೊಟ್ಟೆ ಚಿಪ್ಪಿನಂಥ ಬಿಳಿ ಚೂರುಗಳು ಉದುರಿದವು, ಬೊಗಸೆ ತುಂಬ. ಆ ಪೊರೆ ದಾಟಿ ಶಾಖ ನೀರಿಗೆ ಹೋಗುವುದಿಲ್ಲ. ಕಾಯಿಲ್ ಒಳಗೊಳಗೇ ಕಾದು ಸುಟ್ಟುಹೋಗುತ್ತದೆ. "60 ಡಿಗ್ರಿಗೆ ಇಡಬೇಡಿ ಮೇಡಂ, 50 ಸಾಕು, ಕಡಿಮೆ ಕಟ್ಟುತ್ತೆ" ಅಂದ. ಈ ಏಳು ವರ್ಷದಲ್ಲಿ ನನಗೆ ಸಿಕ್ಕ ಅತಿ ಒಳ್ಳೆ ಸಲಹೆ ಅದು. ಪುಕ್ಕಟೆ ಬೇರೆ.

ಕೊನೆಗೆ ಮಗಳು ಒಂದು ಬಾಟಲಿ ನೀರನ್ನು ಕಾಲೇಜು ಲ್ಯಾಬಿಗೆ ಒಯ್ದು ಪರೀಕ್ಷೆ ಮಾಡಿದಳು. ಲೀಟರಿಗೆ 560 ಮಿಲಿಗ್ರಾಂ ಗಡಸುತನ, ಅಂದರೆ ಕಲ್ಲು ಮಣ್ಣಿನಿಂದ ನೀರಲ್ಲಿ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಶಿಯಂ ಲವಣಗಳ ಲೆಕ್ಕ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 200. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಬಳಸಬಹುದು. ಅಂದರೆ ನಾವು ಅಂಚಿನಲ್ಲಿದ್ದೇವೆ. ತಲೆಗೆ 135 ಲೀಟರ್ ಅಂತ ಹಿಡಿದರೆ ನಾಲ್ಕು ಜನರ ಮನೆಗೆ ದಿನಕ್ಕೆ 540 ಲೀಟರ್. ಅದರಲ್ಲಿ ಸುಣ್ಣದ ಲೆಕ್ಕ ಹತ್ತಿರ ಹತ್ತಿರ 300 ಗ್ರಾಂ! ಬಹುಪಾಲು ಚರಂಡಿಗೆ ಹೋಗುತ್ತದೆ, ಸದ್ಯ.

ಈ ನೀರು ವಿಷ ಅಂತ ಹೆದರಿಸಲು ನಾನು ಬರೆಯುತ್ತಿಲ್ಲ. ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಮಿತಿಯನ್ನೇ ಇಟ್ಟಿಲ್ಲ. ಹೆದರಿಸುವವರು ಬೇರೆ ಇದ್ದಾರೆ. ಫಿಲ್ಟರ್ ಮಾರುವ ಹುಡುಗನೊಬ್ಬ ಬಂದಿದ್ದ. ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಒ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟ. ನಮ್ಮ ನೀರು ಚರಂಡಿ ಬಣ್ಣಕ್ಕೆ ತಿರುಗಿತು. "ಇದನ್ನೇ ನೀವು ಮನೆಯವರಿಗೆ ಕುಡಿಸ್ತಿರೋದು" ಅಂದ. ಮಗಳು ಎದ್ದು ಹೋಗಿ ಅವನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಮತ್ತೆ ಸ್ವಿಚ್ ಒತ್ತಿ ಅಂದಳು. ಅದೂ ಕೊಚ್ಚೆಯಾಯಿತು. ಲವಣ ಇರುವ ನೀರಲ್ಲಿ ಕರೆಂಟ್ ಹರಿಯುತ್ತದೆ, ಕಡ್ಡಿಯ ಕಬ್ಬಿಣ ಕರಗುತ್ತದೆ, ಅಷ್ಟೇ. ಪಾಪ, ಕಾಫಿ ಕುಡಿದು ಹೋದ.

ಆರ್‌ಒ ಹಾಕಿಸಿದರೂ ಸರಿಯಾಗುವುದು ಕುಡಿಯುವ ಹತ್ತು ಲೀಟರ್ ಮಾತ್ರ. ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಗೀಸರ್, ವಾಷಿಂಗ್ ಮಷೀನ್, ಶವರ್‌ಗೆ ಬೇಕಾದದ್ದು ಸಾಫ್ಟ್‌ನರ್. ಅದು ನಮ್ಮ ಬೇಸ್‌ಮೆಂಟಿನಲ್ಲಿ ಮೊದಲಿನಿಂದಲೂ ಇತ್ತು! ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿ ತುಂಬಿದ ಮೇಲೆ ಉಪ್ಪು ನೀರು ಹಾಯಿಸಿ ತೊಳೆಯಬೇಕು. ಖರ್ಚು ಉಳಿಸಲು ತಿಂಗಳುಗಟ್ಟಲೆ ಯಾರೂ ಉಪ್ಪಿನ ಮೂಟೆಯನ್ನೇ ತಂದಿರಲಿಲ್ಲ. ಮೋಟಾರ್ ಸದ್ದು ಮಾಡುತ್ತಿತ್ತು, ಎಲ್ಲ ಸರಿಯಿದೆ ಅಂದುಕೊಂಡಿದ್ದೆವು.

ಈಗ ಕಾವೇರಿ ಬಂದಿದೆಯಲ್ಲ ಅನ್ನಬಹುದು. ನಿಜ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಬಂತು. ಆದರೆ ನಮ್ಮಂಥ ಕಟ್ಟಡಗಳಲ್ಲಿ ಕಾವೇರಿ, ಬೋರ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಜುಲೈ ನೀರು ಬೇರೆ, ಏಪ್ರಿಲ್ ನೀರು ಬೇರೆ. ಮಳೆ ನೀರಂತೂ ಕಲ್ಲಿನ ಸಂದಿಗೆ ಇಳಿಯದ ಮೃದು ನೀರು. 1200 ಚದರ ಅಡಿ ತಾರಸಿ ಮೇಲೆ ವರ್ಷಕ್ಕೆ ಲಕ್ಷ ಲೀಟರ್ ಬೀಳುತ್ತದೆ. ನಮ್ಮದು ಸೀದಾ ಮೋರಿಗೆ.

ಆರು ವಾರದ ಹಿಂದೆ ಅಕ್ವೇರಿಯಂ ಅಂಗಡಿಯಿಂದ ಹನಿ ಹಾಕಿ ನೋಡುವ ಕಿಟ್ ತಂದೆ. ಒಂದು ಹನಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಗಡಸುತನ. ಬಣ್ಣ ತಿರುಗುವವರೆಗೆ ಎಣಿಸುವುದು. ಮೊದಲ ಭಾನುವಾರ 31 ಹನಿ. ಬಂದ ಸಂಖ್ಯೆಯನ್ನು ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಬರೆದೆ. ಯಾರನ್ನೂ ಏನೂ ಕೇಳಲಿಲ್ಲ. ಮೂರನೇ ವಾರ ಖಜಾಂಚಿಯವರು ತಾವಾಗಿಯೇ ಎರಡು ಮೂಟೆ ಉಪ್ಪು ಇಳಿಸಿದರು.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಅಪಾರ್ಟ್‌ಮೆಂಟ್ ಸಂಘಗಳು ವಾರಕ್ಕೊಮ್ಮೆ ಈ ಸಂಖ್ಯೆ ಬರೆಯಲಿ. ಟ್ಯಾಂಕರಿನವರು ಚೀಟಿಯಲ್ಲಿ ಎಷ್ಟು ಲೀಟರ್ ಎಂಬುದರ ಜೊತೆ ಎಷ್ಟು ಗಡಸು ಅಂತಲೂ ಬರೆದುಕೊಡಲಿ. ನೀವು ಚಿನ್ನದ ಬೆಲೆ, ಡ್ಯಾಂ ಮಟ್ಟದ ಪಕ್ಕ ಬಡಾವಣೆವಾರು ಒಂದೊಂದು ಸಾಲು ಹಾಕಿದರೆ ಅಳೆದು ಕಳಿಸಲು ಓದುಗರು ಸಿಗುತ್ತಾರೆ. ಮೊದಲ ಸಾಲು ನಮ್ಮದೇ ಇರಲಿ: ಬೇಗೂರು, ಕಳೆದ ಭಾನುವಾರ, 9 ಹನಿ, ಸುಮಾರು 160.

ಗೃಹಿಣಿ, ಬೇಗೂರು, ಬೆಂಗಳೂರು